ಕ್ಯಾನ್ಸರಿಗೆ ರಜೆಯಿಲ್ಲ
(ನಮ್ಮ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



2020ರ ಮಾರ್ಚ್ ತಿಂಗಳ ಕೊನೆಯ ವಾರವನ್ನು ನಮ್ಮಲ್ಲಿ ಯಾರೂ ಮರೆತಿರಲಾರರು. ಲೋಕಲ್ ಗಾಡಿಗಳು ನಿಂತವು, ಹೋಟೆಲುಗಳ ಒಲೆ ಆರಿತು. ಕೆಲಸದೊಂದಿಗೆ ಮಲಗುವ ಜಾಗವನ್ನೂ ಕಳೆದುಕೊಂಡು ನಮ್ಮವರು ಊರಿನ ದಾರಿ ಹಿಡಿದರು. ಮೇ 18ರಂದು ಕರ್ನಾಟಕ ಸರಕಾರವು ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಗಡಿಯನ್ನು ಮುಚ್ಚಿತು. ಇಲ್ಲಿ ಅನ್ನವಿಲ್ಲ, ಅಲ್ಲಿ ಪ್ರವೇಶವಿಲ್ಲ. ಆ ದಿನಗಳಲ್ಲಿ ಕೊರೋನಾ ಒಂದೇ ರೋಗವೆಂದು ನಾವು ತಿಳಿದೆವು. ಉಳಿದ ರೋಗಗಳು ನಮಗಾಗಿ ಕಾದು ಕುಳಿತಿರುವುವೆಂದು ಭಾವಿಸಿದೆವು. ಅದೇ ತಪ್ಪಾಯಿತು.

ನಮ್ಮ ಸದಸ್ಯರೊಬ್ಬರು ಇಪ್ಪತ್ತು ವರ್ಷ ದೋಸೆಯ ಕಾವಲಿಯ ಮುಂದೆ ನಿಂತು ದುಡಿದವರು. ಆ ಫೆಬ್ರವರಿಯಲ್ಲಿ ಅವರ ಕೆನ್ನೆಯ ಒಳಬದಿಯಲ್ಲಿ ಒಂದು ಹುಣ್ಣು ಕಾಣಿಸಿತ್ತು. ಡಾಕ್ಟರರಿಗೆ ತೋರಿಸೋಣ ಎನ್ನುವಷ್ಟರಲ್ಲಿ ಎಲ್ಲವೂ ಮುಚ್ಚಿತು. ನವೆಂಬರಿನಲ್ಲಿ ಹಿಂದಿರುಗಿದಾಗ ಬಾಯಿ ತೆರೆಯುವುದೇ ಕಷ್ಟವಾಗಿತ್ತು. ಸಣ್ಣ ಶಸ್ತ್ರಕ್ರಿಯೆಯಲ್ಲಿ ಮುಗಿಯಬಹುದಾಗಿದ್ದುದಕ್ಕೆ ಅರ್ಧ ದವಡೆಯನ್ನೇ ಕೊಡಬೇಕಾಯಿತು. ನಾವು ಸಂಘದಿಂದ ಅಕ್ಕಿ ಬೇಳೆ ಹಂಚಿದೆವು, ನಿಜ. ಆದರೆ 'ನಿಮಗೇನಾದರೂ ಕಾಯಿಲೆಯುಂಟೇ?' ಎಂದು ಒಬ್ಬರನ್ನೂ ಕೇಳಲಿಲ್ಲ.

ಇದು ಒಬ್ಬರ ಕಥೆಯಲ್ಲ. ದೇಶದ 41 ಕ್ಯಾನ್ಸರ್ ಆಸ್ಪತ್ರೆಗಳ ಲೆಕ್ಕ 2021ರಲ್ಲಿ ಪ್ರಕಟವಾಯಿತು. 2019ರ ಮಾರ್ಚಿನಿಂದ ಮೇವರೆಗೆ ಹೊಸದಾಗಿ ಹೆಸರು ಬರೆಸಿದ ರೋಗಿಗಳು 1,12,270. ಮರುವರ್ಷ ಅದೇ ಮೂರು ತಿಂಗಳಲ್ಲಿ 51,760. ದೊಡ್ಡ ಶಸ್ತ್ರಕ್ರಿಯೆಗಳು 17,120ರಿಂದ 8,677ಕ್ಕೆ ಇಳಿದವು. ರೋಗ ಅರ್ಧಕ್ಕೆ ಇಳಿಯಿತೇ? ಇಲ್ಲ, ರೋಗಿಗಳು ಆಸ್ಪತ್ರೆಯ ಬಾಗಿಲಿಗೆ ಮುಟ್ಟಲಿಲ್ಲ, ಅಷ್ಟೇ. ಗಾಡಿಯಿಲ್ಲ, ಕೈಯಲ್ಲಿ ಕಾಸಿಲ್ಲ, ಆಸ್ಪತ್ರೆಗೆ ಹೋದರೆ ಕೊರೋನಾ ಅಂಟೀತೆಂಬ ಭಯ. ಕಿಮೊಥೆರಪಿಯಿಂದ ರಕ್ತದ ಬಿಳಿಕಣಗಳು ಕಡಿಮೆಯಾಗಿ ಸೋಂಕನ್ನು ತಡೆಯುವ ಶಕ್ತಿ ಕುಗ್ಗುವುದರಿಂದ ವೈದ್ಯರಿಗೂ ಅಳುಕಿತ್ತು.

ಆದರೆ ತಡಕ್ಕೂ ಬೆಲೆಯುಂಟು. ಶಸ್ತ್ರಕ್ರಿಯೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯವು ಶೇಕಡ 6ರಿಂದ 8ರಷ್ಟು ಹೆಚ್ಚುವುದೆಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ತಿಳಿಸಿತು.

ಭಯವನ್ನು ಗೆಲ್ಲಬಹುದೆಂಬುದಕ್ಕೂ ಸಾಕ್ಷಿ ನಮ್ಮ ನೆರೆಯಲ್ಲೇ ಇದೆ. ಒಂದು ಕಾಲಕ್ಕೆ ಗಿರಣಿಗಳ ಭೋಂಗಾ ಕೇಳುತ್ತಿದ್ದ ಪರೇಲಿನಲ್ಲಿ 1941ರಲ್ಲಿ ಸ್ಥಾಪನೆಯಾದ ಟಾಟಾ ಸ್ಮಾರಕ ಆಸ್ಪತ್ರೆಯು ಆ ಕಠಿಣ ದಿನಗಳಲ್ಲೂ ಬಾಗಿಲು ಹಾಕಲಿಲ್ಲ. 2020ರ ಮಾರ್ಚ್ 23ರಿಂದ ಏಪ್ರಿಲ್ 30ರೊಳಗೆ ಅಲ್ಲಿ 494 ಶಸ್ತ್ರಕ್ರಿಯೆಗಳು ನಡೆದವು. ಶಸ್ತ್ರಕ್ರಿಯೆಯ ಅನಂತರ ಒಬ್ಬರೂ ಸಾಯಲಿಲ್ಲ. ಎಚ್ಚರಿಕೆಯಿಂದ ನಡೆದರೆ ಪಿಡುಗಿನ ನಡುವೆಯೂ ಚಿಕಿತ್ಸೆ ಸಾಧ್ಯವೆಂದಾಯಿತು.

ಹಾಗಾದರೆ ನಾವು ಮಾಡಬೇಕಾದುದೇನು? ಎಲೆಯಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವವರು, ಬೀಡಿ ಸೇದುವವರು, ಗುಟ್ಕಾ ಅಗಿಯುವವರು ನಮ್ಮಲ್ಲಿ ಬಹಳ. ಬಿಟ್ಟರೆ ಉತ್ತಮ, ಬಿಡದವರೂ ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿಕೊಳ್ಳಲಿ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ಡಾಕ್ಟರರಿಗೆ ತೋರಿಸತಕ್ಕದ್ದು. ಹೆಂಗಸರು ಎದೆಯ ಗಂಟನ್ನು ಸಂಕೋಚದಿಂದ ಮುಚ್ಚಿಡಬಾರದು. ಚೂರು ತೆಗೆದು ಪರೀಕ್ಷಿಸಿದರೆ ರೋಗ ಹರಡುವುದೆಂಬ ಮಾತನ್ನು ನಂಬಬೇಡಿ. ಪರೀಕ್ಷೆಗೆ ಹೋದ ದಿನದ ಪಗಾರ ಕತ್ತರಿಸಬಾರದೆಂದು ನಾವು ಮಾಲಿಕರನ್ನು ಕೇಳೋಣ. ಚಿಕಿತ್ಸೆಯಲ್ಲಿರುವ ಸದಸ್ಯರ ಪಟ್ಟಿಯೊಂದನ್ನು ಸಂಘದಲ್ಲಿಡೋಣ. ನಾಳೆ ಇನ್ನೊಂದು ಪಿಡುಗು ಬಂದು ಗಾಡಿ ನಿಂತರೆ, ಅಕ್ಕಿಯ ಚೀಲಕ್ಕಿಂತ ಮೊದಲು ಆ ಪಟ್ಟಿಯನ್ನು ತೆಗೆಯೋಣ.

ಅರ್ಧ ದವಡೆಯಲ್ಲಿ ಗಂಜಿ ಕುಡಿಯುತ್ತಿರುವ ನಮ್ಮ ಆ ಅಣ್ಣನಿಗೆ ನಾವು ತೀರಿಸಬೇಕಾದ ಋಣವಿದು.