ಫ್ಲ್ಯಾಟು ಕೊಳ್ಳುವಾಗ ನಾವು ಕೊಳ್ಳುವುದೇನು?



ಮನೆ ಕೊಳ್ಳುವುದು ಹಿರಿಯರ ವ್ಯವಹಾರ, ಆ ಮಾತು ನಮಗೇಕೆ ಎಂದು ನಿಮಗೆ ಅನ್ನಿಸಬಹುದು. ಕಮಲಾಪುರದ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಕೆಂಪು ಬಾಳೆಗೆ ಹೆಸರಾದ ಆ ಊರು ಕಲಬುರಗಿ-ಹುಮನಾಬಾದ ರಸ್ತೆಯ ಮೇಲಿದೆ. ಮಗಳು ಪಿ.ಯು.ಸಿ. ಮುಗಿಸಿದ್ದಾಳೆ, ಮಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಇವರ ಓದಿಗಾಗಿ ತಂದೆ ಎರಡು ಎಕರೆ ಹೊಲ ಮಾರಿ, ಸಾಲದ್ದಕ್ಕೆ ಬ್ಯಾಂಕಿನಿಂದ ಸಾಲ ತೆಗೆದು, ಕಲಬುರಗಿಯಲ್ಲಿ ಹೊಸದಾಗಿ ಏಳುತ್ತಿರುವ ಕಟ್ಟಡದಲ್ಲಿ ಒಂದು ಫ್ಲ್ಯಾಟು ಹಿಡಿಯಬೇಕೆಂದಿದ್ದಾರೆ. ಮಾರಿದ ಹೊಲ ಮರಳಿ ಬರುವುದಿಲ್ಲ. ಸಾಲದ ಕಂತು ಇಪ್ಪತ್ತು ವರ್ಷ ಬಿಡುವುದಿಲ್ಲ. ಆ ಮನೆಯಲ್ಲಿ ಕಾಗದಪತ್ರ ಓದಬಲ್ಲವರು, ಲೆಕ್ಕ ಹಾಕಬಲ್ಲವರು ಈ ಮಕ್ಕಳೇ. ಆದ್ದರಿಂದಲೇ ಈ ಮಾತು ನಿಮ್ಮೊಡನೆ.

ಫ್ಲ್ಯಾಟು ಎಂದರೆ ನಾಲ್ಕು ಗೋಡೆಗಳ ನಡುವಿನ ಜಾಗವಷ್ಟೇ ಅಲ್ಲ. ಕೆಳಗಿನ ನೆಲದಲ್ಲಿ ಒಂದು ಅವಿಭಾಜ್ಯ ಪಾಲು, ಮೆಟ್ಟಿಲು, ಲಿಫ್ಟು, ನೀರಿನ ಟಾಕಿಗಳಲ್ಲಿ ಒಂದು ಪಾಲು, ನೆರೆಹೊರೆಯಲ್ಲಿ ಒಂದು ಪಾಲು ಅದರೊಂದಿಗೆ ಬರುತ್ತವೆ. ಗೋಡೆಯೊಳಗಿನದನ್ನು ಎಲ್ಲರೂ ನೋಡುತ್ತಾರೆ. ಗೋಡೆಯ ಹೊರಗಿನದನ್ನು ನೋಡುವವರು ಕಡಿಮೆ. ಮುಂದಿನ ತೊಂದರೆಗಳು ಹೆಚ್ಚಾಗಿ ಹುಟ್ಟುವುದು ಅಲ್ಲಿಯೇ.

ಮೊದಲು ನೆಲವನ್ನು ನೋಡೋಣ. ಕಲಬುರಗಿಯ ಸುತ್ತಲಿನದು ತೊಗರಿ ಬೆಳೆಯುವ ಎರೆ ಭೂಮಿ. ಈ ಮಣ್ಣಿನಲ್ಲಿರುವ ಜೇಡಿಯ ಕಣಗಳು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತವೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತವೆ. ಏಪ್ರಿಲ್‌ನಲ್ಲಿ ಹೊಲ ಬಿರುಕು ಬಿಡುವುದನ್ನು ನೀವು ಕಂಡಿದ್ದೀರಿ. ಅಡಿಪಾಯವು ಈ ಪದರದಲ್ಲಿಯೇ ನಿಂತರೆ ಬಿರುಕು ಗೋಡೆಗೂ ಬರುತ್ತದೆ. ಆದ್ದರಿಂದ ಎರೆಮಣ್ಣು ದಾಟಿ ಗಟ್ಟಿಯಾದ ಗರಸು ಅಥವಾ ಕಲ್ಲಿನ ಪದರದವರೆಗೆ ತೋಡಬೇಕು. ಇಲ್ಲವೇ ಅಂಥ ಮಣ್ಣಿಗೆಂದೇ ರೂಪಿಸಿದ, ಬುಡ ಅಗಲವಾದ ಕಂಬಗಳನ್ನು ಇಳಿಸಬೇಕು. ಮಣ್ಣಿನ ಪರೀಕ್ಷೆ ಆಗಿದೆಯೇ, ವರದಿ ಎಲ್ಲಿ ಎಂದು ಕೇಳಲು ಸಂಕೋಚ ಬೇಡ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಜನರನ್ನು ಕೊಂದದ್ದು ಮುಖ್ಯವಾಗಿ ಕುಸಿದ ಮನೆಗಳು. 2021ರಲ್ಲಿ ನಮ್ಮದೇ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ ಭೂಮಿ ಪದೇ ಪದೇ ನಡುಗಿತು. ಹೆದರಬೇಕಾಗಿಲ್ಲ, ಆದರೆ ಕಟ್ಟಡದ ನಕ್ಷೆಗೆ ಅರ್ಹ ಸ್ಟ್ರಕ್ಚರಲ್ ಎಂಜಿನಿಯರರ ಸಹಿ ಇದೆಯೇ ಎಂದು ತಿಳಿಯಬೇಕು.

ಇನ್ನು ಅಳತೆ. ದೂರದರ್ಶನದಲ್ಲಿ ಕೆಲಸ ಮಾಡುವವನಾದ್ದರಿಂದ ಒಂದು ಗುಟ್ಟು ಹೇಳುತ್ತೇನೆ. ವೈಡ್ ಆ್ಯಂಗಲ್ ಲೆನ್ಸನ್ನು ಕೋಣೆಯ ಮೂಲೆಯಲ್ಲಿಟ್ಟರೆ ಹತ್ತು ಅಡಿಯ ಕೋಣೆ ಹದಿನೈದು ಅಡಿಯಂತೆ ಕಾಣುತ್ತದೆ. ಜಾಹೀರಾತಿನ ಬಣ್ಣದ ಚಿತ್ರಗಳನ್ನು ಬದಿಗಿಟ್ಟು ಟೇಪು ಹಿಡಿಯಿರಿ. ಮಾರುವವರು 1,200 ಚದರ ಅಡಿ ಎಂದಾಗ ಅದರಲ್ಲಿ ಮೆಟ್ಟಿಲು, ಲಿಫ್ಟು, ಮೊಗಸಾಲೆಗಳ ಪಾಲೂ ಸೇರಿರಬಹುದು. ಒಳಗೆ ನಿಜವಾಗಿ ಬಳಕೆಗೆ ಸಿಗುವ ಜಾಗಕ್ಕೆ ಕಾರ್ಪೆಟ್ ಏರಿಯಾ ಎನ್ನುತ್ತಾರೆ. ಅದು 850 ಚದರ ಅಡಿ ಇದೆಯೆನ್ನಿ. ಅಡಿಗೆ 3,000 ರೂಪಾಯಿಯಂತೆ 36 ಲಕ್ಷ ಕೊಟ್ಟರೆ, ಬಳಸುವ ಪ್ರತಿ ಅಡಿಗೆ ನೀವು ಕೊಟ್ಟದ್ದು ಸುಮಾರು 4,235 ರೂಪಾಯಿ. ಎರಡು ಕಟ್ಟಡಗಳನ್ನು ಹೋಲಿಸಬೇಕಾದದ್ದು ಈ ಅಂಕಿಯಿಂದ.

ಸಾಲದ ಲೆಕ್ಕವನ್ನೂ ಮಾಡಿ ನೋಡಿ. 30 ಲಕ್ಷ ರೂಪಾಯಿಯನ್ನು ಶೇಕಡಾ 9ರ ಬಡ್ಡಿಗೆ 20 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 26,992 ರೂಪಾಯಿ. ಮೊದಲನೆಯ ಕಂತಿನಲ್ಲಿ 22,500 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸಲ್ಲುವುದು 4,492 ಮಾತ್ರ. ಇಪ್ಪತ್ತು ವರ್ಷಗಳಲ್ಲಿ ಕಟ್ಟುವುದು ಒಟ್ಟು 64 ಲಕ್ಷ 78 ಸಾವಿರ. ನೀವು ಪಾಠದಲ್ಲಿ ಕಲಿತ ಚಕ್ರಬಡ್ಡಿ ಇದೇ. ತಂದೆತಾಯಿಯ ಮುಂದೆ ಕುಳಿತು ಈ ಲೆಕ್ಕ ಬಿಡಿಸಿ ತೋರಿಸಿ.

ಕಾಗದಪತ್ರಗಳ ವಿಷಯಕ್ಕೆ ಬರೋಣ. ಕಟ್ಟಡದ ಜಾಗ ಮೊದಲು ಹೊಲವಾಗಿದ್ದರೆ, ಅದು ಕೃಷಿಯೇತರ ಬಳಕೆಗೆ ಪರಿವರ್ತನೆ ಆಗಿರಬೇಕು. ನಮ್ಮ ಕಡೆ ಜನ ಇದನ್ನು ಎನ್.ಎ. ಎನ್ನುತ್ತಾರೆ. ಜಾಗದ ಮೇಲೆ ಬೇರೆ ಸಾಲವಿದೆಯೇ ಎಂಬುದನ್ನು ಉಪನೋಂದಣಾಧಿಕಾರಿಗಳ ಕಚೇರಿಯ ಋಣಭಾರ ಪತ್ರ ತಿಳಿಸುತ್ತದೆ. ಕಟ್ಟಡಕ್ಕೆ ಪರವಾನಗಿ ಬೇಕು. ಮುಗಿದ ಮೇಲೆ ವಾಸಕ್ಕೆ ಯೋಗ್ಯವೆಂಬ ಪ್ರಮಾಣಪತ್ರವೂ ಬೇಕು.

2016ರಲ್ಲಿ ಸಂಸತ್ತು ಮಾಡಿದ ರೇರಾ ಕಾಯಿದೆ ಕೊಳ್ಳುವವರಿಗೆ ದೊಡ್ಡ ಆಸರೆ. ಅದರ ಪ್ರಕಾರ ನೋಂದಾಯಿತ ಒಪ್ಪಂದವಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ಕೊಳ್ಳುವವರು ಕೊಟ್ಟ ಹಣದ ಶೇಕಡಾ 70 ಭಾಗವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಆ ಯೋಜನೆಯ ನೆಲಕ್ಕೂ ನಿರ್ಮಾಣಕ್ಕೂ ಮಾತ್ರ ಬಳಸಬೇಕು. ಮನೆ ವಶಕ್ಕೆ ಕೊಟ್ಟ 5 ವರ್ಷದೊಳಗೆ ರಚನೆಯ ದೋಷ ಕಂಡರೆ ಕಟ್ಟಿದವರೇ ಬೇರೆ ಹಣ ಕೇಳದೆ ಸರಿಪಡಿಸಬೇಕು. ಆದರೆ ಒಂದು ಎಚ್ಚರಿಕೆ: 500 ಚದರ ಮೀಟರು ಮೀರದ ಜಾಗದ ಅಥವಾ ಎಂಟು ಫ್ಲ್ಯಾಟು ಮೀರದ ಸಣ್ಣ ಯೋಜನೆಗಳಿಗೆ ರೇರಾ ನೋಂದಣಿ ಕಡ್ಡಾಯವಲ್ಲ. ಓಣಿಯೊಳಗಿನ ಪುಟ್ಟ ಕಟ್ಟಡಗಳು ಹಲವೊಮ್ಮೆ ಈ ಬಗೆಯವು. ಅಲ್ಲಿ ನಿಮ್ಮ ಕಣ್ಣೇ ನಿಮಗೆ ಕಾವಲು.

ನೀರಿನ ಪ್ರಶ್ನೆ ಇನ್ನೂ ದೊಡ್ಡದು. ಕಲಬುರಗಿಗೆ ಭೀಮಾ ಮತ್ತು ಬೆಣ್ಣೆತೊರಾ ನದಿಗಳ ನೀರು ಬರುತ್ತದೆ. 2008ರ ವೇಳೆಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿಗಳಂತೆ ಈ ನಗರದ ಕೆಲವು ವಾರ್ಡುಗಳಲ್ಲಿಯೂ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ನಡೆದಿತ್ತು. ಒಂದೇ ನಗರದಲ್ಲಿ ವಾರ್ಡಿನಿಂದ ವಾರ್ಡಿಗೆ ಸ್ಥಿತಿ ಎಷ್ಟು ಬೇರೆಯಾಗಬಹುದೆಂದು ಇದರಿಂದ ತಿಳಿಯುತ್ತದೆ. ತಲೆಗೆ ದಿನಕ್ಕೆ 135 ಲೀಟರು ಎಂದು ಹಿಡಿದರೆ, ಐದೈದು ಜನರ 20 ಮನೆಗಳಿಗೆ 13,500 ಲೀಟರು ಬೇಕು. ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕೆಳಗಿನ ಟಾಕಿ ಎಷ್ಟು ದಿನಕ್ಕೆ ಸಾಕು, ಕೊಳವೆಬಾವಿ ಮೇ ತಿಂಗಳಲ್ಲಿ ಏನಾಗುತ್ತದೆ? ಉತ್ತರವನ್ನು ಮಾರುವವರಿಂದಲ್ಲ, ಪಕ್ಕದ ಮನೆಯವರಿಂದ ಕೇಳಿ.

ಕೊನೆಯದಾಗಿ ನೆರೆಹೊರೆ. 1347ರಲ್ಲಿ ಬಹಮನಿ ರಾಜ್ಯದ ರಾಜಧಾನಿಯಾದ ಊರು ಇದು. ಶರಣಬಸವೇಶ್ವರರ ಗುಡಿಯೂ ಬಂದೇನವಾಜರ ದರ್ಗಾವೂ ಇರುವ ಊರು. ಕನ್ನಡ, ಉರ್ದು, ಮರಾಠಿ, ತೆಲುಗು ಒಂದೇ ಅಂಗಡಿಯ ಮುಂದೆ ಕೇಳಿಬರುತ್ತವೆ. ಫ್ಲ್ಯಾಟು ನೋಡಲು ಹೋದ ಹಿರಿಯರು ಮೊದಲು ಕೇಳುವ ಪ್ರಶ್ನೆ, “ಇಲ್ಲಿ ಯಾವ ಮಂದಿ ಇದ್ದಾರೆ?” ಎಂಬುದು. ಆ ಪ್ರಶ್ನೆಯಿಂದ ನಿಮಗೆ ತಿಳಿಯುವುದು ಏನೂ ಇಲ್ಲ. ಒಂದೇ ಜಾತಿಯವರು ತುಂಬಿದ ಕಟ್ಟಡದಲ್ಲಿಯೂ ಲಿಫ್ಟು ಕೆಟ್ಟು ನಿಲ್ಲುತ್ತದೆ, ಪಂಪಿನ ಬಿಲ್ಲಿಗಾಗಿ ಜಗಳವಾಗುತ್ತದೆ. ಕೇಳಬೇಕಾದದ್ದು ಬೇರೆ: ಮಾಲೀಕರ ಸಂಘ ಇದೆಯೇ? ತಿಂಗಳ ವಂತಿಗೆ ಎಲ್ಲರೂ ಕೊಡುತ್ತಾರೆಯೇ? ಲೆಕ್ಕವನ್ನು ಎಲ್ಲರಿಗೂ ತೋರಿಸುತ್ತಾರೆಯೇ? ಕೆಳಗಿನ ಅಂಗಡಿಗಳ ಗಿರಾಕಿಗಳು ಗಾಡಿ ಎಲ್ಲಿ ನಿಲ್ಲಿಸುತ್ತಾರೆ? ಬೆಂಕಿ ಬಿದ್ದರೆ ಹೊರಬರುವ ದಾರಿ ತೆರವಾಗಿದೆಯೇ? ನಡುರಾತ್ರಿ ಕಾಯಿಲೆ ಬಿದ್ದರೆ ಆಟೋ ಕರೆದು ತರುವವರು ಮೆಟ್ಟಿಲು ಹಂಚಿಕೊಂಡವರೇ. ಅವರ ಮನೆಮಾತು ಯಾವುದೆಂದು ಆಗ ಯಾರೂ ಕೇಳುವುದಿಲ್ಲ.

ಒಂದು ಕೆಲಸ ಮಾಡಿ. ಈ ಭಾನುವಾರ ನೀವಿರುವ ಮನೆಯನ್ನೇ ಟೇಪು ಹಿಡಿದು ಅಳೆಯಿರಿ, ಒಂದು ದಿನಕ್ಕೆ ಬಳಸುವ ಕೊಡಗಳನ್ನು ಎಣಿಸಿ, ಮನೆಯ ಪತ್ರಗಳನ್ನು ತಂದೆಯಿಂದ ಕೇಳಿ ಪಡೆದು ಒಮ್ಮೆ ಓದಿ. ಅರ್ಥವಾಗದ ಪದಗಳನ್ನು ಬರೆದಿಟ್ಟುಕೊಳ್ಳಿ. ಮನೆಯವರು ಸಹಿ ಹಾಕುವ ದಿನ ಬಂದಾಗ ಆ ಪದಗಳ ಅರ್ಥ ಹೇಳುವವರು ನೀವಾಗಿರಬೇಕು.