ಕನ್ನಡಿ ಹಿಡಿದ ಸಂಪಾದಕ

ಜರ್ಮನ್ ಭಾಷೆಯಲ್ಲಿ 'ಶ್ಪೀಗೆಲ್' ಎಂದರೆ ಕನ್ನಡಿ. ಆ ಹೆಸರಿನ ವಾರಪತ್ರಿಕೆಯನ್ನು ಹುಟ್ಟುಹಾಕಿ, ಅರ್ಧ ಶತಮಾನಕ್ಕೂ ಮಿಕ್ಕಿ ಅದರ ಚುಕ್ಕಾಣಿ ಹಿಡಿದಿದ್ದ ರುಡಾಲ್ಫ್ ಔಗ್‌ಸ್ಟೈನ್ ಅವರನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಕಾವ್ಯ ಪಾಠ ಹೇಳಿ ನಿವೃತ್ತನಾದವನಿಗೆ ಪತ್ರಕರ್ತರ ಗೊಡವೆ ಏಕೆಂದು ಕೇಳುಗ ಮಿತ್ರರು ಕೇಳಬಹುದು. ಗದ್ಯವು ರಾಜ್ಯಶಕ್ತಿಗೆ ಎದುರಾಗಿ ನಿಂತ ಪ್ರಸಂಗಗಳು ಸಾಹಿತ್ಯದ ವಿದ್ಯಾರ್ಥಿಗೂ ಸಲ್ಲತಕ್ಕವೆಂದೇ ನಾನು ತಿಳಿದಿದ್ದೇನೆ.

ಔಗ್‌ಸ್ಟೈನ್ 1923ರಲ್ಲಿ ಹ್ಯಾನೋವರ್ ನಗರದಲ್ಲಿ ಜನಿಸಿದರು. ಮಹಾಯುದ್ಧದಲ್ಲಿ ಪೂರ್ವದ ರಣರಂಗಕ್ಕೆ ಹೋಗಿ ಬದುಕಿ ಬಂದರು. 1946ರ ನವೆಂಬರಿನಲ್ಲಿ ಬ್ರಿಟಿಷ್ ಆಡಳಿತದವರು ಅಲ್ಲಿ 'ಈ ವಾರ' ಎಂಬ ಅರ್ಥದ ಪತ್ರಿಕೆಯೊಂದನ್ನು ಹೊರಡಿಸಿದರು. ಅದು ಗೆದ್ದ ರಾಷ್ಟ್ರಗಳನ್ನೇ ಟೀಕಿಸತೊಡಗಿತು. ಮುಜುಗರಗೊಂಡ ಬ್ರಿಟಿಷರು ಪತ್ರಿಕೆಯನ್ನು ಜರ್ಮನರಿಗೊಪ್ಪಿಸಿ ಕೈತೊಳೆದುಕೊಂಡರು. ಪರವಾನಗಿ ದೊರೆತದ್ದು 23 ವರ್ಷದ ಔಗ್‌ಸ್ಟೈನ್‌ಗೆ. 1947ರ ಜನವರಿ 4ರಂದು 'ಶ್ಪೀಗೆಲ್' ಆರಂಭವಾಯಿತು; 1952ರಲ್ಲಿ ಹ್ಯಾಂಬರ್ಗಿಗೆ ಬಂದು ನೆಲೆಸಿತು.

ಅವರ ಬಾಳಿನ ನಿಜವಾದ ಪರೀಕ್ಷೆ 1962ರದು. ನ್ಯಾಟೋ ಒಕ್ಕೂಟದ ಯುದ್ಧಾಭ್ಯಾಸವೊಂದನ್ನು ಆಧರಿಸಿ, ಪಶ್ಚಿಮ ಜರ್ಮನಿಯ ಸೇನೆ ಅರೆಬರೆಯಾಗಿಯಷ್ಟೇ ಸನ್ನದ್ಧವಾಗಿದೆಯೆಂದು ಕೊನ್ರಾಡ್ ಆಲರ್ಸ್ ಅಕ್ಟೋಬರಿನಲ್ಲಿ ಬರೆದರು. ಅಕ್ಟೋಬರ್ 26ರ ರಾತ್ರಿ ಪೊಲೀಸರು ಕಚೇರಿಗೆ ನುಗ್ಗಿದರು. ಆರೋಪ ರಾಜದ್ರೋಹದ್ದು. ಕಚೇರಿಯ ಕೊಠಡಿಗಳಿಗೆ ವಾರಗಟ್ಟಲೆ ಬೀಗಮುದ್ರೆ ಬಿತ್ತು. ಆದರೂ ಪತ್ರಿಕೆ ನಿಲ್ಲಲಿಲ್ಲ. ಅದೇ ಕಟ್ಟಡದಲ್ಲಿದ್ದ ಬೇರೆ ಪತ್ರಿಕೆಗಳವರು ತಮ್ಮ ಕೊಠಡಿ, ಮೇಜುಗಳನ್ನು ಬಿಟ್ಟುಕೊಟ್ಟರು. ಪೈಪೋಟಿಯ ವೃತ್ತಿಯಲ್ಲಿ ಇದು ಸಣ್ಣ ಮಾತಲ್ಲ. ಔಗ್‌ಸ್ಟೈನ್ ಮರುದಿನ ತಾವಾಗಿಯೇ ಪೊಲೀಸರಿಗೆ ಒಪ್ಪಿಸಿಕೊಂಡು 103 ದಿನ ಸೆರೆಮನೆಯಲ್ಲಿದ್ದರು. ಆಲರ್ಸ್ ರಜೆ ಕಳೆಯಲು ಸ್ಪೇನಿಗೆ ಹೋಗಿದ್ದರು. ಅಲ್ಲಿಯೇ ಅವರ ಬಂಧನವಾಯಿತು. ತಮಗೂ ಇದಕ್ಕೂ ಸಂಬಂಧವಿಲ್ಲವೆಂದಿದ್ದ ರಕ್ಷಣಾ ಸಚಿವ ಫ್ರಾನ್ಸ್ ಯೋಸೆಫ್ ಸ್ಟ್ರೌಸ್ ಅವರೇ ಮ್ಯಾಡ್ರಿಡ್ಡಿಗೆ ದೂರವಾಣಿ ಮಾಡಿದ್ದರೆಂಬುದು ಬಯಲಾಯಿತು. ವಿದ್ಯಾರ್ಥಿಗಳು ಬೀದಿಗಿಳಿದರು. ಪ್ರಧಾನಿ ಅಡೆನೌರ್ ಸಂಪುಟದಿಂದ ಮಿತ್ರಪಕ್ಷದ ಐವರು ಸಚಿವರು ಹೊರನಡೆದರು. ಸ್ಟ್ರೌಸ್ ಪದವಿ ಬಿಡಬೇಕಾಯಿತು.

ನ್ಯಾಯಾಲಯದ ಕಥೆ ಅಷ್ಟು ಸರಳವಲ್ಲ. 1965ರಲ್ಲಿ ಅಲ್ಲಿಯ ಉಚ್ಚತಮ ನ್ಯಾಯಾಲಯ, ವಿಚಾರಣೆಗೆ ಸಾಕಷ್ಟು ಆಧಾರವಿಲ್ಲವೆಂದಿತು. ಆದರೆ ಕಚೇರಿಯ ಶೋಧ ಅಕ್ರಮವೆಂದು ಪತ್ರಿಕೆ ಸಲ್ಲಿಸಿದ ದೂರಿನಲ್ಲಿ 1966ರಲ್ಲಿ ಸಂವಿಧಾನ ನ್ಯಾಯಪೀಠದ ಎಂಟು ನ್ಯಾಯಾಧೀಶರು ನಾಲ್ಕು-ನಾಲ್ಕಾಗಿ ಒಡೆದರು, ದೂರು ಬಿದ್ದುಹೋಯಿತು. ವಿಚಿತ್ರವೆಂದರೆ, ಪ್ರಜಾಪ್ರಭುತ್ವಕ್ಕೆ ಸ್ವತಂತ್ರ ಪತ್ರಿಕೆ ಅನಿವಾರ್ಯವೆಂಬ ತತ್ತ್ವ ಆ ಸೋತ ಮೊಕದ್ದಮೆಯ ತೀರ್ಪಿನಿಂದಲೇ ಅಲ್ಲಿ ಬೇರೂರಿತು.

ಔಗ್‌ಸ್ಟೈನ್ ದೋಷರಹಿತರಾಗಿರಲಿಲ್ಲ. ನಾಜಿ ಭದ್ರತಾ ಸೇವೆಯಲ್ಲಿದ್ದ ಮಾಜಿ ಎಸ್‌ಎಸ್ ಅಧಿಕಾರಿಗಳಿಗೆ 1950ರ ದಶಕದಲ್ಲಿ ವಿಭಾಗ ಮುಖ್ಯಸ್ಥರ ಹುದ್ದೆ ಕೊಟ್ಟಿದ್ದರು. ಇತರರ ಮುಖಕ್ಕೆ ಕನ್ನಡಿ ಹಿಡಿಯುವ ಮನೆಯಲ್ಲಿಯೇ ಈ ಕತ್ತಲೆ! ಇದನ್ನು ಕಾಲಧರ್ಮವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ರಾಜಕೀಯವೂ ಅವರಿಗೆ ಒಗ್ಗಲಿಲ್ಲ. 1972ರಲ್ಲಿ ಸಂಸತ್ತಿಗೆ ಆಯ್ಕೆಯಾಗಿ ಕೆಲವೇ ವಾರಗಳಲ್ಲಿ ಪತ್ರಿಕೆಗೆ ಹಿಂದಿರುಗಿದರು.

ಸೆರೆವಾಸದಷ್ಟೇ ನನ್ನನ್ನು ಸೆಳೆಯುವುದು 1974ರಲ್ಲಿ ಅವರು ಇಟ್ಟ ಹೆಜ್ಜೆ. ಸಂಸ್ಥೆಯ ಅರ್ಧಪಾಲನ್ನು ಅವರು ನೌಕರರಿಗೆ ಬಿಟ್ಟುಕೊಟ್ಟರು. ಸರ್ಕಾರಕ್ಕೆ ಬಾಗದ ಸಂಪಾದಕರು ಹಲವರುಂಟು. ಸ್ವಂತ ಸ್ವತ್ತಿನ ಅರ್ಧವನ್ನು ಬದುಕಿರುವಾಗಲೇ ಹಂಚಿದ ಪತ್ರಿಕೋದ್ಯಮಿಗಳು ಎಷ್ಟು ಮಂದಿ? 2002ರ ನವೆಂಬರ್ 7ರಂದು ಅವರು ಹ್ಯಾಂಬರ್ಗಿನಲ್ಲಿ ತೀರಿಕೊಂಡಾಗ ಪತ್ರಿಕೆಯ ಪ್ರಸಾರ ಹತ್ತು ಲಕ್ಷಕ್ಕೂ ಮಿಕ್ಕಿತ್ತು. ಅದರ ಒಡೆತನದಲ್ಲಿ ದೊಡ್ಡ ಪಾಲು ಅಲ್ಲಿ ದುಡಿಯುವವರದೇ ಆಗಿತ್ತು.