ಜನಸಂದಣಿಯ ರಕ್ಷಣೆಗೆ ಕೋವಿಯೇ ಉತ್ತರವೇ?



ಜನರು ಸೇರಿದ ಸ್ಥಳದ ಮೇಲೆ ಎಲ್ಲಿಯೇ ದಾಳಿ ನಡೆಯಲಿ, ನಮ್ಮ ಯುವಕರು ಒಂದು ಪ್ರಶ್ನೆ ಕೇಳುತ್ತಾರೆ: ‘ಅಲ್ಲಿದ್ದವರಲ್ಲಿ ಒಬ್ಬನ ಕೈಯಲ್ಲಾದರೂ ಕೋವಿ ಇದ್ದಿದ್ದರೆ?’ ಈ ಪ್ರಶ್ನೆಯನ್ನು ಗದರಿಸಿ ಬಾಯಿ ಮುಚ್ಚಿಸುವುದು ಸರಿಯಲ್ಲ. ಮಡದಿ ಮಕ್ಕಳೊಂದಿಗೆ ಈದ್ ನಮಾಝಿಗೆ ಹೊರಟವನ ಮನಸ್ಸಿನಲ್ಲಿ ಅದು ಹುಟ್ಟುವುದು ಸಹಜ. ಭಯದಿಂದ ಹುಟ್ಟಿದ ಪ್ರಶ್ನೆಗೆ ವಿವೇಕದಿಂದ ಉತ್ತರಿಸುವುದು ನಮ್ಮ ಹೊಣೆಯಾಗಿದೆ.

2019ರ ಮಾರ್ಚ್ 15ರ ಶುಕ್ರವಾರ ನ್ಯೂಝಿಲ್ಯಾಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳ ಮೇಲೆ ಬಿಳಿಯ ಜನಾಂಗವಾದಿಯೊಬ್ಬನು ನಡೆಸಿದ ದಾಳಿಯಲ್ಲಿ 51 ಮಂದಿ ಪ್ರಾಣ ಕಳೆದುಕೊಂಡರು. ಅನ್ನೂರ್ ಮಸೀದಿಯಲ್ಲಿ ನಈಮ್ ರಶೀದ್ ಬರಿಗೈಯಲ್ಲಿ ಅವನ ಮೇಲೆ ನುಗ್ಗಿದರು; ಪ್ರಾಣ ತೆತ್ತು, ಇತರರಿಗೆ ಪಾರಾಗಲು ಕೆಲವು ಕ್ಷಣಗಳನ್ನು ದೊರಕಿಸಿಕೊಟ್ಟರು. ಲಿನ್‌ವುಡ್‌ನಲ್ಲಿ ಅಬ್ದುಲ್ ಅಝೀಝ್ ಕೈಗೆ ಸಿಕ್ಕ ಕಾರ್ಡ್ ಯಂತ್ರವನ್ನು ಅವನತ್ತ ಎಸೆದರು. ಅವನು ಬಿಸುಟ ಖಾಲಿ ಕೋವಿಯನ್ನೇ ಎತ್ತಿ ಅವನ ಕಾರಿನ ಗಾಜಿಗೆ ಬೀಸಿದರು. ಹಂತಕನು ಪಲಾಯನ ಮಾಡಿದನು. ಅವನು ಪರವಾನಗಿ ಪಡೆದೇ ಕೋವಿಗಳನ್ನು ಖರೀದಿಸಿದ್ದನೆಂಬುದು ಗಮನಾರ್ಹ. ಆ ದೇಶವು ಪ್ರತಿಯೊಬ್ಬನ ಕೈಗೂ ಕೋವಿ ಕೊಡಲು ಹೊರಡಲಿಲ್ಲ. ಒಂದು ತಿಂಗಳೊಳಗೆ ಅದರ ಸಂಸತ್ತು 119 ಮತಗಳ ಬೆಂಬಲ ಮತ್ತು ಕೇವಲ ಒಂದು ಮತದ ವಿರೋಧದೊಂದಿಗೆ ಮಿಲಿಟರಿ ಮಾದರಿಯ ಕೋವಿಗಳನ್ನು ನಿಷೇಧಿಸಿತು.

ಸಶಸ್ತ್ರ ನಾಗರಿಕರು ಎಂದೂ ಜೀವ ಉಳಿಸಿಲ್ಲವೆಂದು ನಾವು ವಾದಿಸುವುದಿಲ್ಲ. 2022ರ ಜುಲೈಯಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಗ್ರೀನ್‌ವುಡ್ ಮಾಲ್‌ನಲ್ಲಿ ಮೂವರನ್ನು ಕೊಂದ ದಾಳಿಕೋರನನ್ನು, ಪಿಸ್ತೂಲು ಹೊಂದಿದ್ದ 22 ವರ್ಷದ ಯುವಕನೊಬ್ಬನು ಹೊಡೆದುರುಳಿಸಿದ್ದನು. ಆದರೆ ಒಂದು ಘಟನೆ ನಿಯಮವಾಗಲಾರದು. 2000ದಿಂದ 2013ರ ವರೆಗೆ ಅಮೆರಿಕದಲ್ಲಿ ನಡೆದ ಇಂತಹ 160 ದಾಳಿಗಳನ್ನು ಅಲ್ಲಿನ ಎಫ್‌ಬಿಐ ಅಧ್ಯಯನ ಮಾಡಿತು. ಪೊಲೀಸರಲ್ಲದ ಸಶಸ್ತ್ರರ ಗುಂಡಿನಿಂದ ಕೊನೆಗೊಂಡ ದಾಳಿಗಳು ಐದು. ಅವುಗಳಲ್ಲಿಯೂ ನಾಲ್ಕರಲ್ಲಿ ಗುಂಡು ಹಾರಿಸಿದವರು ಕಾವಲು ಸಿಬ್ಬಂದಿ. ನಿರಾಯುಧ ನಾಗರಿಕರು ದಾಳಿಕೋರನನ್ನು ಹಿಡಿದು ನಿಲ್ಲಿಸಿದ ದಾಳಿಗಳು 21. ಮನೆಮನೆಯಲ್ಲಿಯೂ ಕೋವಿ ಸಿಗುವ ದೇಶದ ಲೆಕ್ಕವಿದು!

ಇದಕ್ಕೆ ಕಾರಣವೇನು? ಜನರು ದಿಕ್ಕೆಟ್ಟು ಓಡುತ್ತಿರುವಾಗ ಗುರಿಯಿಟ್ಟು ಹೊಡೆಯುವುದು ತರಬೇತಿ ಪಡೆದವರಿಗೂ ಕಷ್ಟ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಧಾವಿಸಿ ಬರುವ ಪೊಲೀಸರಿಗೆ ಕೋವಿ ಹಿಡಿದವರಲ್ಲಿ ರಕ್ಷಕ ಯಾರು, ಭಕ್ಷಕ ಯಾರು ಎಂಬುದು ತಿಳಿಯದು. 2021ರಲ್ಲಿ ಕೊಲರಾಡೋದ ಅರ್ವಾಡಾದಲ್ಲಿ ಜಾನಿ ಹರ್ಲಿ ಎಂಬವರು ಪೊಲೀಸನೊಬ್ಬನನ್ನು ಕೊಂದಿದ್ದ ಹಂತಕನನ್ನು ಗುಂಡಿಕ್ಕಿ ಕೆಡವಿದರು. ಆ ಹಂತಕನ ಕೋವಿಯನ್ನು ಕೈಗೆತ್ತಿಕೊಂಡಿದ್ದಾಗಲೇ ಅಲ್ಲಿಗೆ ಬಂದ ಇನ್ನೊಬ್ಬ ಪೊಲೀಸನ ಗುಂಡಿಗೆ ಅವರೂ ಬಲಿಯಾದರು. 2018ರಲ್ಲಿ ಅಲಬಾಮಾದ ಮಾಲ್ ಒಂದರಲ್ಲಿ ಗುಂಡಿನ ಸದ್ದು ಕೇಳಿ ಪಿಸ್ತೂಲು ತೆಗೆದ 21 ವರ್ಷದ ಕರಿಯ ಯುವಕನನ್ನು ಪೊಲೀಸರು ಹಿಂದಿನಿಂದ ಹೊಡೆದು ಕೊಂದರು. ಮೊದಲು ಅವನನ್ನೇ ಅಪರಾಧಿಯೆಂದು ಸಾರಿದರು. ಅವನು ಅಪರಾಧಿಯಲ್ಲವೆಂದು ಅನಂತರ ಒಪ್ಪಿಕೊಂಡರು. ಪ್ರಿಯ ಯುವಕರೇ, ಯೋಚಿಸಿರಿ. ಗದ್ದಲದ ನಡುವೆ ಕೋವಿ ಹಿಡಿದು ನಿಂತ ಟೊಪ್ಪಿ, ಗಡ್ಡದ ಯುವಕನನ್ನು ನಮ್ಮ ದೇಶದಲ್ಲಿ ಯಾರೆಂದು ಭಾವಿಸಲಾಗುವುದು?

2025ರ ಡಿಸೆಂಬರ್ 14ರಂದು ಆಸ್ಟ್ರೇಲಿಯಾದ ಬಾಂಡಿ ಕಡಲತೀರದಲ್ಲಿ ಯಹೂದಿಯರ ಹಬ್ಬದ ಕೂಟದ ಮೇಲೆ ತಂದೆ ಮತ್ತು ಮಗ ಗುಂಡಿನ ಮಳೆಗರೆದು 15 ಮಂದಿಯನ್ನು ಕೊಂದರು. ಅವರದು ಮುಸ್ಲಿಮ್ ಹೆಸರುಗಳು. ಇದನ್ನು ನಾವು ಮರೆಮಾಚಬಾರದು. ತಂದೆಯ ಬಳಿ ಪರವಾನಗಿ ಇತ್ತು. ಅವರಲ್ಲೊಬ್ಬನ ಮೇಲೆ ಹಿಂದಿನಿಂದ ಎರಗಿ ಕೋವಿ ಕಸಿದವರು ಸಿರಿಯಾ ಮೂಲದ ವ್ಯಾಪಾರಿ ಅಹ್ಮದ್ ಅಲ್ ಅಹ್ಮದ್. ಅವರ ಕೈ ಬರಿದಾಗಿತ್ತು. ಕೋವಿ ಕೈಗೆ ಬಂದ ಮೇಲೂ ಅವರು ಗುಂಡು ಹಾರಿಸಲಿಲ್ಲ. ಸ್ವತಃ ಗುಂಡೇಟು ತಿಂದರು.

ಇನ್ನು ನಮ್ಮ ದೇಶದ ಕಡೆಗೆ ಬರೋಣ. ಆತ್ಮರಕ್ಷಣೆಯ ಹಕ್ಕನ್ನು ಕಾನೂನು ಪ್ರತಿಯೊಬ್ಬ ಪ್ರಜೆಗೂ ನೀಡಿದೆ. ಆದರೆ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವುದು ಅಪರಾಧ. ಹೀಗಿರುವಾಗ 2025ರ ಮೇ ತಿಂಗಳಲ್ಲಿ ಅಸ್ಸಾಮ್ ಸರಕಾರವು ಧುಬ್ರಿ, ಬಾರ್‌ಪೇಟಾ ಮುಂತಾದ, ಮುಸ್ಲಿಮರು ಅಧಿಕವಾಗಿರುವ ಜಿಲ್ಲೆಗಳಲ್ಲಿ ‘ಮೂಲನಿವಾಸಿ’ಗಳಿಗೆ ಕೋವಿ ಪರವಾನಗಿ ನೀಡುವ ತೀರ್ಮಾನ ಕೈಗೊಂಡಿತು. ಪ್ರಜೆಯ ಪ್ರಾಣರಕ್ಷಣೆ ಪ್ರಭುತ್ವದ ಮೊದಲ ಕರ್ತವ್ಯ. ಆ ಕರ್ತವ್ಯವನ್ನು ಒಂದು ವರ್ಗದ ಕೈಗೆ ಕೋವಿಯ ರೂಪದಲ್ಲಿ ವರ್ಗಾಯಿಸಿದರೆ ಇನ್ನೊಂದು ವರ್ಗದ ಭಯ ಇಮ್ಮಡಿಯಾಗುವುದೇ ಹೊರತು ಯಾರಿಗೂ ನೆಮ್ಮದಿ ದೊರೆಯದು. ಅದನ್ನು ನಾವು ವಿರೋಧಿಸಬೇಕು. ಆದರೆ ಅದೇ ದಾರಿಯನ್ನು ನಾವೂ ಹಿಡಿದರೆ ವಿರೋಧಿಸುವ ನೈತಿಕ ಹಕ್ಕು ನಮಗೆ ಉಳಿಯುವುದೇ?

ಮಸೀದಿ ಅಥವಾ ಪೇಟೆಯಲ್ಲಿ ಬಾಣಗಳೊಂದಿಗೆ ಹಾದುಹೋಗುವವನು ಅವುಗಳ ಮೊನೆಯನ್ನು ಹಿಡಿದುಕೊಳ್ಳಬೇಕು, ಯಾರಿಗೂ ಗಾಯವಾಗಬಾರದು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಆಯುಧ ಸಾಮಾನ್ಯವಾಗಿದ್ದ ಕಾಲದಲ್ಲಿಯೂ ಜನಸಂದಣಿಯಲ್ಲಿ ಮೊದಲ ಕಾಳಜಿ ಅಕ್ಕಪಕ್ಕದವರ ಸುರಕ್ಷೆಯೇ ಆಗಿತ್ತು.

ಹಾಗಾದರೆ ನಾವು ಕೈಕಟ್ಟಿ ಕೂರಬೇಕೇ? ಖಂಡಿತ ಇಲ್ಲ. 2008ರ ನವೆಂಬರ್ 26ರಂದು ಮುಂಬೈಯ ಸಿಎಸ್‌ಟಿ ನಿಲ್ದಾಣದಲ್ಲಿ ಗುಂಡು ಹಾರುತ್ತಿದ್ದಾಗ ರೈಲ್ವೆ ಉದ್ಘೋಷಕ ವಿಷ್ಣು ಝೆಂಡೆ ಧ್ವನಿವರ್ಧಕದ ಮೂಲಕ ಪ್ರಯಾಣಿಕರಿಗೆ ಹೊರಹೋಗುವ ದಾರಿ ತೋರಿಸುತ್ತಲೇ ಇದ್ದರು. ಅವರ ಆಯುಧ ಒಂದು ಮೈಕ್ ಮಾತ್ರ. ಅದು ಎಷ್ಟೋ ಜೀವಗಳನ್ನು ಉಳಿಸಿತು. ಮೈಕ್ ನಮ್ಮ ಪ್ರತಿಯೊಂದು ಮಸೀದಿಯಲ್ಲಿಯೂ ಇದೆ. ಆಪತ್ತಿನ ವೇಳೆ ಅದರಲ್ಲಿ ಯಾರು ಮಾತನಾಡಬೇಕು, ಏನು ಹೇಳಬೇಕು ಎಂಬುದನ್ನು ಜಮಾಅತ್ ಕಮಿಟಿ ಎಂದಾದರೂ ತೀರ್ಮಾನಿಸಿದೆಯೇ? ಹಿಂಬಾಗಿಲಿಗೆ ಬೀಗ ಜಡಿದಿಲ್ಲವೇ? ಸ್ತ್ರೀಯರ ವಿಭಾಗಕ್ಕೆ ಎರಡನೆಯ ಬಾಗಿಲಿದೆಯೇ? ಜುಮಾದ ದಿನ ದ್ವಾರದಲ್ಲಿ ರಾಶಿ ಬೀಳುವ ಚಪ್ಪಲಿಗಳು ಓಡುವವರನ್ನು ಎಡವಿ ಬೀಳಿಸಲಾರವೇ? ರಕ್ತ ಸುರಿಯುವ ಗಾಯವನ್ನು ಶುಚಿಯಾದ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಲು ಎಷ್ಟು ಮಂದಿಗೆ ತಿಳಿದಿದೆ? 112ಕ್ಕೆ ಕರೆ ಮಾಡಿ ಸ್ಥಳವನ್ನು ಸ್ಪಷ್ಟವಾಗಿ ಹೇಳಲು ನಮ್ಮ ಮಕ್ಕಳಿಗೆ ಕಲಿಸಿದ್ದೇವೆಯೇ? ಹಬ್ಬಕ್ಕೆ ಮುಂಚೆ ಠಾಣೆಗೆ ಲಿಖಿತವಾಗಿ ರಕ್ಷಣೆ ಕೋರಿದ್ದೇವೆಯೇ?

ಇವುಗಳಲ್ಲಿ ಯಾವುದಕ್ಕೂ ಪರವಾನಗಿ ಬೇಕಿಲ್ಲ. ಇವು ದೇವಸ್ಥಾನದ ಜಾತ್ರೆಗೂ ಚರ್ಚಿನ ಹಬ್ಬಕ್ಕೂ ಅಷ್ಟೇ ಅಗತ್ಯ. ನೆರೆಯವರನ್ನೂ ಕರೆದು ಒಟ್ಟಿಗೆ ತರಬೇತಿ ಪಡೆಯೋಣ. ‘ಕೋವಿ ಇದ್ದಿದ್ದರೆ?’ ಎಂದು ಕೇಳುವ ಯುವಕನ ಕೈಗೆ ಮುಂದಿನ ಶುಕ್ರವಾರ ಹಿಂಬಾಗಿಲಿನ ಕೀಲಿಕೈಯನ್ನು ಕೊಟ್ಟು, ಇದು ನಿನ್ನ ಹೊಣೆ ಎಂದು ಹೇಳೋಣ.